ನೊಯ್ಯಲ್ ಸೀಮೆಯ ಭಾನುವಾರ

ನೊಯ್ಯಲ್ ನದಿ ಹರಿಯುವ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಭಾನುವಾರ ಶುರುವಾಗುವುದು ಶನಿವಾರ ಸಂಜೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ವಾರದ ಕೂಲಿ ಬಟವಾಡೆಯಾಗುವುದು ಅಂದೇ. ಹೊತ್ತು ಮುಳುಗಿದ ಮೇಲೆ ಅಂಗಡಿಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದೇ ಹೊತ್ತಿಗೆ ಮನೆಗಳೊಳಗೆ, ಮಧ್ಯಾಹ್ನ ನೆನೆಹಾಕಿದ ಅಕ್ಕಿ, ಉದ್ದು ಗ್ರೈಂಡರಿನ ಕಲ್ಲಿಗೆ ಬೀಳುತ್ತವೆ. ಮರುದಿನ ಬೆಳಿಗ್ಗೆ ಯಾರಿಗೂ ಅವಸರವಿಲ್ಲ. ಇಡ್ಲಿ ನಿಧಾನವಾಗಿ ಬೇಯಬಹುದು, ಕೈತೋಟದಲ್ಲಿ ಎರಡು ಗಂಟೆ ಕಳೆಯಬಹುದು, ಊಟವಾದ ಮೇಲೆ ಒಂದು ನಿದ್ದೆ ತೆಗೆದು ಸಂಜೆ ಗೆಳೆಯರ ಜೊತೆ ಕೆರೆಯ ದಂಡೆಗೆ ಹೋಗಬಹುದು.

ಮೇಲುನೋಟಕ್ಕೆ ಯಾವ ಊರಿನಲ್ಲೂ ಕಾಣುವ ರಜಾದಿನ. ಆದರೆ ಈ ದಿನದ ಬಹುತೇಕ ಸುಖಗಳು ಇಲ್ಲಿಯೇ, ಒಂದೆರಡು ಗಂಟೆಯ ಬಸ್ ಪ್ರಯಾಣದೊಳಗಿನ ಊರುಗಳಲ್ಲಿ ಹುಟ್ಟಿದವು. ರುಬ್ಬುವ ಕಲ್ಲು, ಇಡ್ಲಿಯ ಮೇಲಿನ ಬೆಣ್ಣೆ, ಕುಂಡಕ್ಕೆ ಹಾಕುವ ತೆಂಗಿನ ನಾರಿನ ಪುಡಿ, ಸೊಪ್ಪಿನ ಬೀಜ, ಸಂಜೆಯ ತಂಪು ಗಾಳಿ ಎಲ್ಲಕ್ಕೂ ವಿಳಾಸವಿದೆ. ಮಳೆ ಕಡಿಮೆ ಬೀಳುವ ಸೀಮೆಯೊಂದು ಬೆವರು ಸುರಿಸಿ ದುಡಿಯುವುದನ್ನು ಕಲಿತದ್ದಷ್ಟೇ ಅಲ್ಲ, ದಣಿವಾರಿಸಿಕೊಳ್ಳಲು ಬೇಕಾದದ್ದನ್ನೂ ತಾನೇ ಮಾಡಿಕೊಂಡಿತು. ಅದರಲ್ಲಿ ಕನ್ನಡ ಮಾತನಾಡುವ ಮನೆಗಳ ಪಾಲೂ ದೊಡ್ಡದು.

ಮೊದಲು ಗ್ರೈಂಡರ್. ಕರ್ನಾಟಕದ ಎಷ್ಟೋ ಅಡುಗೆಮನೆಗಳಲ್ಲಿ ಗುಂಯ್‌ಗುಡುವ ಈ ಯಂತ್ರ ಕೊಯಮತ್ತೂರಿನದು. 1955ರಲ್ಲಿ ಇಲ್ಲಿನ ಪಿ. ಸಭಾಪತಿ ಒರಳುಕಲ್ಲಿಗೆ ವಿದ್ಯುತ್ ಮೋಟಾರು ಜೋಡಿಸಿ ವೆಟ್ ಗ್ರೈಂಡರಿಗೆ ರೂಪ ಕೊಟ್ಟರು. ಅದಕ್ಕೆ ಬೇಕಾದ ಗಟ್ಟಿ ಕಲ್ಲು ತಿರುಪ್ಪೂರು ಜಿಲ್ಲೆಯ ಊತ್ತುಕುಳಿ ಕಡೆಯಿಂದ ಬಂತು. ಇಂದು 'ಕೊಯಮತ್ತೂರು ವೆಟ್ ಗ್ರೈಂಡರ್' ಎಂಬ ಹೆಸರಿಗೆ ಭೌಗೋಳಿಕ ಸೂಚಿಯ ರಕ್ಷಣೆ ಇದೆ. ಮೈಸೂರು ವೀಳ್ಯದೆಲೆಗೂ ನಂಜನಗೂಡು ರಸಬಾಳೆಗೂ ಸಿಕ್ಕ ಮಾನ್ಯತೆಯೇ ಒಂದು ಅಡುಗೆಮನೆ ಯಂತ್ರಕ್ಕೂ ಸಿಕ್ಕಿದೆ.

ಈ ಯಂತ್ರ ಇಲ್ಲಿಯೇ ಏಕೆ ಹುಟ್ಟಿತು? ಉತ್ತರ ಬಾವಿಗಳಲ್ಲಿದೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಬಯಲಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಅದೇ ಕೊಯಮತ್ತೂರು ಜಿಲ್ಲೆಯ ವಾಲ್ಪಾರೈ ಬೆಟ್ಟದ ಚಿನ್ನಕಲ್ಲಾರ್ ದಕ್ಷಿಣ ಭಾರತದ ಅತಿ ಹೆಚ್ಚು ಮಳೆಯ ತಾಣಗಳಲ್ಲೊಂದು. ಬೆಟ್ಟದ ಮಳೆ ಬಯಲಿಗೆ ಬರಲಿಲ್ಲ. ರೈತರು ಬಂಡೆ ಒಡೆದು ಆಳದ ಬಾವಿ ತೋಡಿದರು. ಎತ್ತು ಕಟ್ಟಿ ಚರ್ಮದ ಚೀಲದಿಂದ ನೀರೆಳೆಯುವ ಕಪಿಲೆ ಇಲ್ಲಿ 'ಕವಲೈ'. 1932ರ ಹೊತ್ತಿಗೆ ನೀಲಗಿರಿಯ ಪೈಕಾರ ಜಲವಿದ್ಯುತ್ ಕೆಳಗಿಳಿದು ಬಂದಾಗ ಹತ್ತಿ ಗಿರಣಿಗಳು ಸಾಲುಗಟ್ಟಿದವು, ಬಾವಿಗಳಿಗೆ ವಿದ್ಯುತ್ ಪಂಪುಗಳು ಬಂದವು. ಪಂಪಿಗೆ ಮೋಟಾರು ಬೇಕು, ಮೋಟಾರಿಗೆ ಎರಕದ ಕುಲುಮೆ ಬೇಕು. 1937ರಲ್ಲಿ ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ಇಲ್ಲಿಯೇ ದೇಶೀಯ ವಿದ್ಯುತ್ ಮೋಟಾರು ತಯಾರಿಸಿದರು. ಹೀಗೆ ಊರಿನ ತುಂಬ ಮೋಟಾರು ಕಟ್ಟುವ ಕೈಗಳಿದ್ದ ಕಾಲದಲ್ಲಿ ಅವುಗಳಲ್ಲೊಂದು ಒರಳಿನ ಕಡೆ ತಿರುಗಿದ್ದು ಸಹಜವೇ. ನೀರಿನ ಕೊರತೆ ನೀಗಲು ಹುಟ್ಟಿದ ವಿದ್ಯೆ, ಒರಳಿನ ಮುಂದೆ ಗಂಟೆಗಟ್ಟಲೆ ಕೂರುತ್ತಿದ್ದ ಹೆಂಗಸರ ತೋಳಿಗೆ ಬಿಡುವು ಕೊಟ್ಟಿತು. ಇಲ್ಲಿನ ಕೈಗಾರಿಕೆಯ ಚರಿತ್ರೆಯಲ್ಲಿ ಪಂಪುಗಳಿಗೆ ಸಿಗುವ ಪುಟಗಳು ಗ್ರೈಂಡರಿಗೂ ಸಿಗಬೇಕು.

ಕಲ್ಲು ನಿಧಾನವಾಗಿ ತಿರುಗುವುದರಿಂದ ಮಿಕ್ಸಿಯಲ್ಲಿ ಆಗುವಷ್ಟು ಶಾಖ ಹಿಟ್ಟಿಗೆ ತಗಲುವುದಿಲ್ಲ. ಉದ್ದು ಗಾಳಿ ಹಿಡಿದು ನೊರೆನೊರೆಯಾಗಿ ಉಬ್ಬುತ್ತದೆ. ರಾತ್ರಿಯಿಡೀ ಹುಳಿ ಬರಿಸುವ ಸೂಕ್ಷ್ಮಜೀವಿಗಳು ಬಿಡುವ ಅನಿಲ ಆ ನೊರೆಯಲ್ಲಿ ಸಿಕ್ಕಿಕೊಂಡು ಇಡ್ಲಿಗೆ ಹಗುರತನ ತರುತ್ತದೆ. ಇಡ್ಲಿಯ ಪೂರ್ವಜನಾದ 'ಇಡ್ಡಲಿಗೆ'ಯ ಹೆಸರು ಮೊದಲು ಸಿಗುವುದು ಹತ್ತನೇ ಶತಮಾನದ ವಡ್ಡಾರಾಧನೆಯಲ್ಲಿ; 1025ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಅದನ್ನು ಮಾಡುವ ವಿಧಾನವೂ ಇದೆ. ಎರಡೂ ಕನ್ನಡದ ಕೃತಿಗಳು. ಅವುಗಳಲ್ಲಿನದು ಉದ್ದಿನ ತಿಂಡಿ. ಅಕ್ಕಿ ಬೆರೆತದ್ದು ಆಮೇಲೆ.

ಬಿಸಿ ಇಡ್ಲಿಯ ಮೇಲೆ ಕರಗುವ ಬೆಣ್ಣೆಯೂ ಊತ್ತುಕುಳಿಯದೇ ಎಂದರೆ ಮನೆಯವರಿಗೆ ಒಂದು ಹೆಮ್ಮೆ. ಕಲ್ಲಿಗೆ ಹೆಸರಾದ ಊರು ಬೆಣ್ಣೆ, ತುಪ್ಪಕ್ಕೂ ತಮಿಳುನಾಡಿನಾದ್ಯಂತ ಹೆಸರು ಮಾಡಿದೆ. ಅದರ ಹಿಂದಿರುವುದು ಈ ಸೀಮೆಯ ಹುಲ್ಲುಗಾವಲು. ಪಕ್ಕದ ಕಾಂಗೇಯಂ ಕಡೆ 'ಕೊರಂಗಾಡು' ಎಂಬ ಖಾಸಗಿ ಹುಲ್ಲುಗಾವಲುಗಳ ಪದ್ಧತಿ ಇಂದಿಗೂ ಉಳಿದಿದೆ. ಮುಳ್ಳು ಕಿಳುವೈ ಗಿಡದ ಜೀವಂತ ಬೇಲಿ, ಅದರೊಳಗೆ ಕೊಳುಕ್ಕಟ್ಟೈ ಹುಲ್ಲು, ನೆರಳಿಗೆ ಅಲ್ಲಲ್ಲಿ ಬಿಳಿಜಾಲಿ. ನೀರು ಹಾಯಿಸದೆ, ಬೀಳುವಷ್ಟೇ ಮಳೆಯಲ್ಲಿ ದನ, ಕುರಿಗಳಿಗೆ ಮೇವು ಕೊಡುವ ಏರ್ಪಾಡು. ಹೆಸರುವಾಸಿಯಾದ ಕಾಂಗೇಯಂ ತಳಿಯ ಎತ್ತುಗಳು ಬೆಳೆದದ್ದು ಈ ಬೇಲಿಗಳೊಳಗೆ.

ಮಧ್ಯಾಹ್ನದ ಊಟದಲ್ಲಿ ಮಳೆನೆರಳಿನ ಗುರುತು ಇನ್ನೂ ಸ್ಪಷ್ಟ. ಗದ್ದೆಯ ಅಕ್ಕಿ ಇಲ್ಲಿ ಹಳೆಯ ಕಾಲದ ದಿನನಿತ್ಯದ ಅನ್ನವಾಗಿರಲಿಲ್ಲ. ಜೋಳ, ಸಜ್ಜೆ, ರಾಗಿ ಬೆಳೆದ ಹೊಲದಲ್ಲಿ ಹುರುಳಿ, ತೊಗರಿ, ಅವರೆ ಬಂದವು. ಅಕ್ಕಿಯನ್ನು ಬೇಳೆಯೊಂದಿಗೆ ಬೆರೆಸಿದರು. ಈ ಸೀಮೆಯ, ಅಂದರೆ ಕೊಂಗುನಾಡಿನ, ಮನೆಮಾತಾದ 'ಅರಿಸಿ ಪರುಪ್ಪು ಸಾದಂ' ಆ ಬೆರಕೆ. ತೊಗರಿಬೇಳೆ, ಅಕ್ಕಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಅರಿಶಿನ ಎಲ್ಲ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬಿಸಿಬೇಳೆಬಾತಿನ ಮಸಾಲೆಯ ಸಂಭ್ರಮ ಇದಕ್ಕಿಲ್ಲ. ಒಂದು ಚಮಚ ತುಪ್ಪ, ಸುಟ್ಟ ಹಪ್ಪಳ, ಬಟ್ಟಲು ಮೊಸರು ಇದ್ದರೆ ಊಟ ಮುಗಿಯಿತು. ಗಿರಣಿಯ ಪಾಳಿಗೆ ಓಡುತ್ತಿದ್ದ ಮನೆಗಳಿಗೆ ಒಂದೇ ಪಾತ್ರೆಯ ಈ ಅಡುಗೆ ಹೇಳಿ ಮಾಡಿಸಿದಂತಿತ್ತು.

ಹುರುಳಿಯನ್ನಂತೂ ಇಲ್ಲಿನವರು ಬಿಟ್ಟಿಲ್ಲ. ಬೇಯಿಸಿದ ಹುರುಳಿಯನ್ನು ಜೀರಿಗೆ, ಕೊತ್ತಂಬರಿ, ಬೆಳ್ಳುಳ್ಳಿ, ಸಣ್ಣ ಈರುಳ್ಳಿಯ ಜೊತೆ ರುಬ್ಬಿದರೆ 'ಕೊಳ್ಳು ಪರುಪ್ಪು', ಬಸಿದ ಕಟ್ಟಿನಿಂದ ರಸಂ. ಮಂಡ್ಯ, ಚಾಮರಾಜನಗರದ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರ ಹುರುಳಿಕಾಳಿನ ಬಸ್ಸಾರು ಇದರ ಒಡಹುಟ್ಟು. ಹಬ್ಬದ ಬೆಳಿಗ್ಗೆ ಒತ್ತುವ 'ಸಂದಗೈ' ಹಳೆ ಮೈಸೂರಿನ ಒತ್ತುಶಾವಿಗೆಯೇ. ಅದಕ್ಕೂ ಕಾಯಿಹಾಲು, ಬೆಲ್ಲ. ಇದಕ್ಕೂ ಕಾಯಿಹಾಲು, ಬೆಲ್ಲ.

ಈ ಹೋಲಿಕೆಗೆ ಕಾರಣ ಭೂಪಟದಲ್ಲಿದೆ. ಹದಿನೇಳನೇ ಶತಮಾನದಿಂದ 1799ರವರೆಗೆ ಕೊಂಗುನಾಡಿನ ಬಹುಭಾಗ ಮೈಸೂರಿನ ಆಳ್ವಿಕೆಯಲ್ಲಿತ್ತು. ಟಿಪ್ಪು ಸುಲ್ತಾನನ ಪತನದ ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ತನ್ನ ಹೆಸರಾಂತ ಸಮೀಕ್ಷಾ ಪ್ರವಾಸದಲ್ಲಿ ಮೈಸೂರು ಸೀಮೆಯಿಂದ ಘಟ್ಟ ಇಳಿದು ಕೊಯಮತ್ತೂರಿನ ಹೊಲ, ಮಗ್ಗಗಳನ್ನು ನೋಡಿ ಬರೆದಿಟ್ಟ. ಬ್ರಿಟಿಷರ ಕಾಲದಲ್ಲಿ ಗಡಿ ಬದಲಾದರೂ ನೆರೆಹೊರೆ ಬದಲಾಗಲಿಲ್ಲ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಯ ಭಾಗ. ಮಲೆ ಮಹದೇಶ್ವರ ಬೆಟ್ಟದ ಕಾಗದಪತ್ರಗಳೂ ಕೊಯಮತ್ತೂರಿಗೇ ಹೋಗಬೇಕಿತ್ತು. ಡಾ. ರಾಜ್‌ಕುಮಾರ್ 1929ರಲ್ಲಿ ಹುಟ್ಟಿದ ತಾಳವಾಡಿ ಸೀಮೆಯ ಗಾಜನೂರು ಕೂಡ ಆಗ ಇದೇ ಜಿಲ್ಲೆಯಲ್ಲಿತ್ತು, ಈಗ ಈರೋಡ್ ಜಿಲ್ಲೆಯಲ್ಲಿದೆ.

ಬಯಲಿನ ಊರುಗಳಲ್ಲಿ ಕನ್ನಡವನ್ನು ಹೆಚ್ಚಾಗಿ ಉಳಿಸಿಕೊಂಡವರು ನೇಕಾರರು. ದೇವಾಂಗರ ಕೇರಿಗಳು ಕೊಯಮತ್ತೂರು ನಗರದಲ್ಲಿವೆ, ಸಿರುಮುಗೈ ಮತ್ತು ನೆಗಮಂನಂಥ ನೇಯ್ಗೆಯ ಊರುಗಳಲ್ಲಿವೆ. ನೆಗಮಂ ಹತ್ತಿ ಸೀರೆಗೂ ಈಗ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಶತಮಾನಗಳ ಹಿಂದೆ ವಿಜಯನಗರದ ಕಾಲದಲ್ಲಿ ದಕ್ಷಿಣಕ್ಕೆ ಸರಿದ ಈ ಮನೆತನಗಳು ಹಂಪಿಯ ಹೇಮಕೂಟದ ಗಾಯತ್ರಿ ಪೀಠವನ್ನು ಗುರುಪೀಠವಾಗಿ ನೆನೆಯುತ್ತವೆ. ಮಕ್ಕಳು ಓದುವುದು ತಮಿಳಿನಲ್ಲಿ, ಅಂಗಡಿಯ ಲೆಕ್ಕ ತಮಿಳಿನಲ್ಲಿ, ಅಡುಗೆಮನೆಯ ಮಾತು ಮಾತ್ರ ತಮಿಳು ಬೆರೆತ ಕನ್ನಡ. ಶಾಲೆಯ ಬೆಂಬಲವಿಲ್ಲದೆ, ಅಕ್ಷರದ ಆಸರೆಯಿಲ್ಲದೆ ಒಂದು ಭಾಷೆ ಇಷ್ಟು ತಲೆಮಾರು ಉಳಿದುಬಂದದ್ದು ಅಚ್ಚರಿಯ ವಿಷಯ. ಒಲೆಯ ಮುಂದೆ, ಮಗ್ಗದ ಪಕ್ಕದಲ್ಲಿ, ಸೌಡೇಶ್ವರಿ ಅಮ್ಮನ ಗುಡಿಯಲ್ಲಿ ಅದಕ್ಕೆ ಜಾಗ ಸಿಕ್ಕಿತು. ಕೊಯಮತ್ತೂರಿನ ರಾಜಬೀದಿಯ ರಾಮಲಿಂಗ ಸೌಡೇಶ್ವರಿ ಗುಡಿಯ ಉತ್ಸವದಲ್ಲಿ, ವಿಜಯದಶಮಿಯಂದು, ಯುವಕರು ಮೈಮೇಲೆ ಅಲಗು ಹಾಕಿಕೊಂಡು ದೇವಿಯನ್ನು ಕರೆಯುತ್ತ ಸಾಗುವ ಮೆರವಣಿಗೆಯನ್ನು ನೋಡಲು ಊರೇ ಸೇರುತ್ತದೆ. ಹಳೆಯ ಕೈಮಗ್ಗದ ಕೇರಿಗಳಲ್ಲಿ ಭಾನುವಾರಕ್ಕಿಂತ ಅಮಾವಾಸ್ಯೆಯೇ ರಜೆ. ಅಂದು ಲಾಳಿ ಮುಟ್ಟುವುದಿಲ್ಲ.

ಇನ್ನು ಕೈತೋಟ. ಕೊಯಮತ್ತೂರಿನಲ್ಲಿ ಗಿಡ ಬೆಳೆಸುವವರು ಮೊದಲು ಗಾಳಿಯನ್ನು ಅರಿಯಬೇಕು. ಪಶ್ಚಿಮಘಟ್ಟದ ಗೋಡೆಯಲ್ಲಿ ಮೂವತ್ತು ಕಿಲೋಮೀಟರಿಗೂ ಹೆಚ್ಚು ಅಗಲದ ಬಾಗಿಲೊಂದಿದೆ. ಅದೇ ಪಾಲಕ್ಕಾಡ್ ಕಣಿವೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯ ಮಾರುತ ಆ ಕಂಡಿಯಲ್ಲಿ ನುಗ್ಗಿ ಬರುತ್ತದೆ. ಮಳೆಯನ್ನು ಕೇರಳದಲ್ಲಿ ಸುರಿಸಿ, ತಂಪನ್ನೂ ರಭಸವನ್ನೂ ಇತ್ತ ತರುತ್ತದೆ. ಪಲ್ಲಡಂ, ಉಡುಮಲೈ ಬಯಲಿನ ಗಾಳಿಯಂತ್ರಗಳು ತಿರುಗುವುದು ಇದರಿಂದ. ಇದೇ ಗಾಳಿ ತಾರಸಿಯ ಬದನೆ ಗಿಡವನ್ನು ಮುರಿಯುತ್ತದೆ, ಕುಂಡದ ಮಣ್ಣನ್ನು ಒಂದೇ ಹಗಲಿನಲ್ಲಿ ಒಣಗಿಸುತ್ತದೆ. ಅದಕ್ಕೇ ಅನುಭವಸ್ಥರು ಪಶ್ಚಿಮದ ಅಂಚಿಗೆ ಹಸಿರು ಪರದೆ ಕಟ್ಟುತ್ತಾರೆ ಇಲ್ಲವೇ ನುಗ್ಗೆ, ಕರಿಬೇವುಗಳ ಸಾಲು ನಿಲ್ಲಿಸುತ್ತಾರೆ. ಬಿತ್ತನೆಗೆ ಆಡಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಹೊತ್ತು, ಒಳ್ಳೆಯದೆಂಬುದು ತಮಿಳುನಾಡಿನ ಹಳೆಯ ಬುದ್ಧಿಮಾತು. ಆಗ ಹಾಕಿದ ಅವರೆ, ಕುಂಬಳ, ಬೆಂಡೆಗಳ ಬೇರು ಅಕ್ಟೋಬರಿನ ಈಶಾನ್ಯ ಮಳೆ ಬರುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಈ ಬಯಲಿಗೆ ವರ್ಷದ ದೊಡ್ಡ ಮಳೆ ಅದು.

2013ರಲ್ಲಿ ತಮಿಳುನಾಡು ಸರ್ಕಾರ ತಾರಸಿ ತೋಟಕ್ಕೆ ಬೇಕಾದ ಚೀಲ, ಬೀಜ, ಸಲಕರಣೆಗಳ ಪೊಟ್ಟಣವನ್ನು ರಿಯಾಯಿತಿ ದರದಲ್ಲಿ ಕೊಡುವ ಯೋಜನೆ ತಂದಾಗ ಆರಿಸಿಕೊಂಡ ನಗರಗಳು ಎರಡು: ಚೆನ್ನೈ ಮತ್ತು ಕೊಯಮತ್ತೂರು. ಚೀಲಕ್ಕೆ ಮಣ್ಣಿನ ಬದಲು ತುಂಬುವ ತೆಂಗಿನ ನಾರಿನ ಪುಡಿ ಇಲ್ಲಿಗೆ ದೂರದ ಸರಕಲ್ಲ. ತೆಂಗಿನ ನಾಡಾದ ಪೊಳ್ಳಾಚಿಯಿಂದ ಅದರ ಇಟ್ಟಿಗೆಗಳು ಹೊರದೇಶದ ಹಸಿರುಮನೆಗಳಿಗೂ ಹೋಗುತ್ತವೆ. ಹಗುರವಾದ್ದರಿಂದ ತಾರಸಿಗೆ ಭಾರವಿಲ್ಲ, ನೀರನ್ನು ತನ್ನ ತೂಕದ ಹಲವು ಪಟ್ಟು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಹಸಿಯಾಗಿ ಬಳಸಿದರೆ ಅದರಲ್ಲಿನ ಲವಣ, ಟ್ಯಾನಿನ್‌ಗಳು ಸಸಿಯನ್ನು ಸೊರಗಿಸುತ್ತವೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದಕ್ಕೊಂದು ದಾರಿ ಕಂಡುಕೊಂಡರು: ಒಂದು ಟನ್ ಪುಡಿಗೆ ಐದು ಕಿಲೋ ಯೂರಿಯಾ ಮತ್ತು ಪ್ಲೂರೋಟಸ್ ಅಣಬೆಯ ಬೀಜ ಬೆರೆಸಿ, ತೇವ ಆರದಂತೆ ಎರಡು ತಿಂಗಳು ಕಳಿಯಲು ಬಿಡುವುದು. ಕೆಂಚು ಪುಡಿ ಕಪ್ಪು ಗೊಬ್ಬರವಾಗುತ್ತದೆ.

ಆ ವಿಶ್ವವಿದ್ಯಾಲಯದ ನೆರಳು ಇಲ್ಲಿನ ಪ್ರತಿ ಕೈತೋಟದ ಮೇಲಿದೆ. ಬೀಜದ ಪೊಟ್ಟಣದ ಮೇಲೆ 'ಕೋ' ಎಂದು ಶುರುವಾಗುವ ಹೆಸರುಗಳೆಲ್ಲ ಕೊಯಮತ್ತೂರಿನ ತಳಿಗಳವು. ಕೋ-1, ಕೋ-2, ಕೋ-3 ಎಂಬ ಹರಿವೆಗಳಿವೆ. ಮೂರನೆಯದನ್ನು ಬೇರುಸಹಿತ ಕೀಳದೆ ಮತ್ತೆ ಮತ್ತೆ ಕತ್ತರಿಸಿಕೊಳ್ಳಬಹುದು, ಒಂದೇ ಚೀಲದ ಸೊಪ್ಪು ಹಲವು ವಾರದ ಪಲ್ಯಕ್ಕೆ ಬರುತ್ತದೆ. 1912ರಲ್ಲಿ ಇಲ್ಲಿ ಆರಂಭವಾದ ಕಬ್ಬು ತಳಿ ಸಂವರ್ಧನಾ ಸಂಸ್ಥೆಯ ತಳಿಗಳಿಗೂ ಅದೇ ಗುರುತು. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಕಾಡುಕಬ್ಬನ್ನೂ ನಾಡಕಬ್ಬನ್ನೂ ಕೂಡಿಸಿ ಪಡೆದ ಕೋ-205 ಉತ್ತರ ಭಾರತದ ಕಬ್ಬಿನ ಗದ್ದೆಗಳನ್ನೇ ಬದಲಿಸಿತು. ಮಂಡ್ಯದ ರೈತರು ದಶಕಗಳ ಕಾಲ ಬೆಳೆದ ಕೋ-62175 ಕೂಡ ಇಲ್ಲಿಂದಲೇ ಬಂದದ್ದು. ಮಂಡ್ಯದ ಬೆಲ್ಲಕ್ಕೂ ಕೊಯಮತ್ತೂರಿಗೂ ಇರುವ ನಂಟು ಹೀಗೆ ಹಳೆಯದು.

ಕರಿಬೇವನ್ನು ಕೊಂಡು ತರುವುದು ಇಲ್ಲಿನ ಮನೆಗಳಿಗೆ ಮುಜುಗರದ ವಿಷಯ. ಮೇಟ್ಟುಪಾಳಯಂ, ಕಾರಮಡೈ ಕಡೆಯ ಕೆಂಪು ಕಾಂಡದ 'ಸೆಂಗಾಂಬು' ಕರಿಬೇವಿನ ಘಮ ಬೇರೆ. ನುಗ್ಗೆಗೆ ತಿರುಪ್ಪೂರು ಜಿಲ್ಲೆಯ ಮೂಲನೂರು ಹೆಸರುವಾಸಿ. ಈ ಎಲ್ಲ ಹಸಿರಿನ ನಡುವೆ ನೆನೆಯಲೇಬೇಕಾದವರು ಮೇಟ್ಟುಪಾಳಯಂ ಬಳಿಯ ತೇಕ್ಕಂಪಟ್ಟಿಯ ಪಾಪಮ್ಮಾಳ್. ಹಳ್ಳಿಯಲ್ಲಿ ಅಂಗಡಿ ನಡೆಸಿ, ಉಳಿಸಿದ ಹಣದಲ್ಲಿ ಜಮೀನು ಕೊಂಡು, ಎರಡೂವರೆ ಎಕರೆಯಷ್ಟು ನೆಲದಲ್ಲಿ ಸಾವಯವ ಕೃಷಿ ಮಾಡಿದವರು. ನೂರು ದಾಟಿದ ಮೇಲೂ ತೋಟಕ್ಕಿಳಿಯುತ್ತಿದ್ದ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು, 2024ರಲ್ಲಿ ತೀರಿಕೊಂಡರು. ಕೃಷಿ ವಿಶ್ವವಿದ್ಯಾಲಯದ ಚರ್ಚೆಗಳಲ್ಲಿ ಪ್ರಶ್ನೆ ಕೇಳುತ್ತಿದ್ದ ಅಜ್ಜಿ ಅವರು. ಕೃಷಿಯ ಸುದ್ದಿಯಲ್ಲಿ ಹೆಂಗಸರ ಹೆಸರು ಇಷ್ಟು ಅಪರೂಪವಾಗಿರುವ ದೇಶದಲ್ಲಿ ಆಕೆಯ ಹೆಸರು ಶಾಲೆಯ ಪಾಠದಲ್ಲಿರಬೇಕು.

ತೋಟಕ್ಕೆ ನೀರು? ಕೊಯಮತ್ತೂರಿನವರು ಸಿರುವಾಣಿಯ ಹೆಸರು ಹೇಳುವಾಗ ದನಿ ಮೃದುವಾಗುತ್ತದೆ. ಕೇರಳದ ಕಾಡಿನಲ್ಲಿ ಹುಟ್ಟಿ ಬೆಟ್ಟ ಕೊರೆದ ಸುರಂಗದ ಮೂಲಕ ಬರುವ ಈ ನೀರು 1930ರ ದಶಕದಿಂದ ನಗರದ ಬಾಯಾರಿಕೆ ತಣಿಸಿದೆ. ಜಗತ್ತಿನ ಅತಿ ಸಿಹಿ ನೀರುಗಳಲ್ಲಿ ಇದೂ ಒಂದೆಂದು ಊರಿನವರ ನಂಬಿಕೆ. ಅಂಥ ನೀರನ್ನು ಕುಂಡಕ್ಕೆ ಸುರಿಯಲು ಯಾರಿಗೂ ಮನಸ್ಸಾಗದು. ಅಕ್ಕಿ ತೊಳೆದ ನೀರು ಸೊಪ್ಪಿಗೆ, ಪಾತ್ರೆ ತೊಳೆದ ನೀರು ಬಾಳೆಬುಡಕ್ಕೆ. ಕೊಳವೆಬಾವಿಯ ನೀರು ಗಡುಸು. ಅದನ್ನೇ ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. 2003ರಲ್ಲಿ ತಮಿಳುನಾಡು ಎಲ್ಲ ಕಟ್ಟಡಗಳಿಗೂ ಮಳೆಕೊಯ್ಲು ಕಡ್ಡಾಯ ಮಾಡಿದ ಮೇಲೆ ಚಾವಣಿಯ ನೀರು ತೊಟ್ಟಿಗೆ ಬೀಳುವ ಮನೆಗಳು ಹೆಚ್ಚಿದವು. ಒಳ್ಳೆಯ ತೋಟಗಳು ಇರುವುದು ಅಂಥ ಮನೆಗಳಲ್ಲಿ.

ತಿರುಪ್ಪೂರಿನ ಕಥೆ ಇಷ್ಟು ಸಿಹಿಯಲ್ಲ. ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿದ ಹೆಣಿಗೆ ಉಡುಪುಗಳನ್ನು ರಫ್ತು ಮಾಡುವ ಈ ಊರಿನಲ್ಲಿ ಬಟ್ಟೆಗೆ ಬಣ್ಣ ಹಾಕಿದ ನೀರು ದಶಕಗಳ ಕಾಲ ನೊಯ್ಯಲ್ ನದಿಗೆ ಹರಿಯಿತು. ಬಣ್ಣ ಹಿಡಿಯಲು ಉಪ್ಪು ಬೇಕು. ಆ ಉಪ್ಪು ನದಿಗಿಳಿಯಿತು, ನದಿಯಿಂದ ಬಾವಿಗಳಿಗೆ. 1992ರಲ್ಲಿ ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ತೊಟ್ಟಿಯಾಯಿತು. ಕೆಳಗಿನ ಹಳ್ಳಿಗಳ ರೈತರು ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಹನಿ ಕೊಳಕೂ ಹೊರಬಿಡದ, ನೀರನ್ನೂ ಉಪ್ಪನ್ನೂ ಸೋಸಿ ಮರಳಿ ಬಳಸುವ ಘಟಕಗಳು ವ್ಯಾಪಕವಾದದ್ದು ಆಮೇಲೆ. ಬಟ್ಟೆಯ ಬೆಲೆ ಲೆಕ್ಕ ಹಾಕುವಾಗ ಆ ಬಾವಿಗಳನ್ನೂ ಸೇರಿಸಬೇಕು. ಒಂದು ಮನೆಯ ಹಿತ್ತಲಲ್ಲಿ ಟೊಮೆಟೊ ಗಿಡ ಬದುಕುತ್ತದೋ ಇಲ್ಲವೋ ಎಂಬುದು ಕೊನೆಗೆ ಆ ನೀರನ್ನೇ ಅವಲಂಬಿಸಿದೆ. 2015ರಿಂದ 'ವನತ್ತುಕ್ಕುಳ್ ತಿರುಪ್ಪೂರ್' ಎಂಬ ಹೆಸರಿನಲ್ಲಿ ಊರಿನವರೇ ಲಕ್ಷಾಂತರ ಸಸಿ ನೆಟ್ಟು ಸಾಕುತ್ತಿದ್ದಾರೆ.

ಬಿಸಿಲು ಇಳಿದ ಮೇಲೆ ಜನ ಮನೆ ಬಿಟ್ಟು ಹೊರಡುತ್ತಾರೆ. ವಾರಕ್ಕೊಂದು ದಿನದ ಈ ಬಿಡುವು ತಾನಾಗಿ ಬಂದದ್ದಲ್ಲ. ಮುಂಬೈ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಳ ಕಾಲ ಹೋರಾಡಿ 1890ರಲ್ಲಿ ಭಾನುವಾರದ ರಜೆ ಪಡೆದರು. ಕೊಯಮತ್ತೂರಿನ ಮೊದಲ ನೂಲಿನ ಗಿರಣಿ ಅದಕ್ಕೆ ಎರಡು ವರ್ಷ ಮೊದಲು, 1888ರಲ್ಲಿ ಶುರುವಾಗಿತ್ತು. ರಜೆ ಬಂದಮೇಲೆ ಸಂಜೆಗೊಂದು ತಾಣ ಬೇಕಾಯಿತು. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಸಾಮಿಕ್ಕಣ್ಣು ವಿನ್ಸೆಂಟ್ 1905ರಲ್ಲಿ ಫ್ರೆಂಚರೊಬ್ಬರಿಂದ ಪ್ರೊಜೆಕ್ಟರ್ ಕೊಂಡು, ಊರೂರು ಡೇರೆ ಹಾಕಿ ಚಿತ್ರ ತೋರಿಸಿ, 1914ರಲ್ಲಿ ಇಲ್ಲಿ ವೆರೈಟಿ ಹಾಲ್ ಕಟ್ಟಿದರು. ದಕ್ಷಿಣ ಭಾರತದ ಮೊದಮೊದಲ ಕಾಯಂ ಚಿತ್ರಮಂದಿರಗಳಲ್ಲಿ ಅದೂ ಒಂದು. ಆ ರಸ್ತೆಗೆ ಇಂದಿಗೂ ಅದೇ ಹೆಸರು.

ಚಿತ್ರ ತೋರಿಸುವ ಊರು ಚಿತ್ರ ತಯಾರಿಸುವ ಊರೂ ಆಯಿತು. ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೊ 1954ರಲ್ಲಿ ಎಂ.ಜಿ. ರಾಮಚಂದ್ರನ್ ಅಭಿನಯದ 'ಮಲೈಕ್ಕಳ್ಳನ್' ಕೊಟ್ಟಿತು. ಅದೇ ಕಥೆ ಹಿಂದಿಯಲ್ಲಿ ದಿಲೀಪ್ ಕುಮಾರ್ ಅವರ 'ಆಜಾದ್' ಆಯಿತು, ಕನ್ನಡದಲ್ಲಿ 1957ರ 'ಬೆಟ್ಟದ ಕಳ್ಳ'. ಮುಂದೆ ನಾಯ್ಡು ಬೆಂಗಳೂರಿಗೆ ಬಂದು ಚಾಮುಂಡೇಶ್ವರಿ ಸ್ಟುಡಿಯೊ ಸ್ಥಾಪಿಸಿದರು. ಕನ್ನಡ ಚಿತ್ರರಂಗಕ್ಕೆ ಬೆಂಗಳೂರಿನಲ್ಲಿ ನೆಲೆ ಸಿಕ್ಕ ಕಥೆಯಲ್ಲಿ ಕೊಯಮತ್ತೂರಿನ ಒಂದು ಅಧ್ಯಾಯವಿದೆ.

ಇಂದಿನ ಗೆಳೆಯರ ಗುಂಪುಗಳು ಸಿನಿಮಾಕ್ಕೂ ಹೋಗುತ್ತವೆ, ಮಾಲ್‌ಗೂ ಹೋಗುತ್ತವೆ. ಆದರೆ ಖರ್ಚಿಲ್ಲದೆ ಸಿಗುವ ಸಂಜೆಗಳೇ ಇಲ್ಲಿ ಹೆಚ್ಚು ಚಂದ. ಎರಡೂವರೆ ಕಿಲೋಮೀಟರಿನ ರೇಸ್‌ಕೋರ್ಸ್ ಸುತ್ತು ಮರಗಳ ಕೆಳಗಿದೆ. ಪಾಲಕ್ಕಾಡ್ ಕಣಿವೆಯ ಗಾಳಿ ಬೀಸುವ ತಿಂಗಳುಗಳಲ್ಲಿ ಅಲ್ಲಿ ನಡೆಯುವವರಿಗೆ ಬೆವರೂ ಬರುವುದಿಲ್ಲ. ಆಮೇಲೆ ಕಾಳಾನ್ ಗಾಡಿ. ಅಣಬೆ ಮತ್ತು ಎಲೆಕೋಸಿನ ಪಕೋಡವನ್ನು ಕಾವಲಿಯ ಮೇಲೆ ಕೊಚ್ಚಿ, ಖಾರದ ಗೊಜ್ಜಿನಲ್ಲಿ ಕುದಿಸಿ, ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ ಉದುರಿಸಿ ಎಲೆಯ ದೊನ್ನೆಯಲ್ಲಿ ಕೊಡುತ್ತಾರೆ. ನಮ್ಮೂರಿನ ಗೋಬಿ ಮಂಚೂರಿ ಗಾಡಿಯ ಮುಂದೆ ನಿಂತವರಿಗೆ ಆ ಸದ್ದು, ಆ ಘಾಟು ಎರಡೂ ಪರಿಚಿತ. ಸಾಂಬಾರಿನಲ್ಲಿ ಮುಳುಗಿದ ಇಡ್ಲಿಗೆ ಅನ್ನಪೂರ್ಣ ಹೋಟೆಲು; 1960ರ ದಶಕದಲ್ಲಿ ಕೆ. ದಾಮೋದರಸಾಮಿ ನಾಯ್ಡು ಆರಂಭಿಸಿದ ಈ ಹೋಟೆಲಿನ ಸಾಂಬಾರು ಊರಿನ ಗುರುತುಗಳಲ್ಲೊಂದು. ಕೈಯಲ್ಲಿ ಕಾಸು ಕಡಿಮೆ ಇದ್ದರೆ ಬೇಕರಿ ಟೀ ಸಾಕು. ನಿಂತೇ ಕುಡಿಯುವ ಟೀ, ಬನ್ನು, ಕೊನೆಯಿಲ್ಲದ ಹರಟೆ. ತಮಿಳುನಾಡಿನ ಊರೂರಲ್ಲಿ ಕಾಣುವ 'ಬೆಂಗಳೂರು ಅಯ್ಯಂಗಾರ್ ಬೇಕರಿ' ಎಂಬ ಬೋರ್ಡು ಇಲ್ಲಿಯೂ ಕಣ್ಣಿಗೆ ಬೀಳುತ್ತದೆ. ಹಾಸನ ಸೀಮೆಯ ಕುಟುಂಬಗಳು ಕಟ್ಟಿದ ರುಚಿಯ ನೆನಪು ಅದು.

ಕೆರೆಗಳ ಮಾತು ಬೇರೆ. ನೊಯ್ಯಲ್ ನೀರನ್ನು ಕಾಲುವೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹರಿಸಿ ತುಂಬಿಸುವ ಕೆರೆಗಳ ಸರಣಿಯ ಮೇಲೆಯೇ ಕೊಯಮತ್ತೂರು ಬೆಳೆದದ್ದು. ಉಕ್ಕಡಂ ದೊಡ್ಡಕೆರೆ, ವಾಲಾಂಕುಳಂ, ಕುರಿಚ್ಚಿ, ಸಿಂಗಾನಲ್ಲೂರು ಇವೆಲ್ಲ ಆ ಸರಣಿಯವು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಉಕ್ಕಡಂ, ವಾಲಾಂಕುಳಂ ದಂಡೆಗಳಿಗೆ ನಡಿಗೆ ಹಾದಿ, ದೀಪ, ಮಕ್ಕಳ ಆಟದ ಜಾಗ ಬಂದವು. ಭಾನುವಾರ ಸಂಜೆ ಅಲ್ಲಿ ಇಡೀ ನಗರವೇ ಇದೆ ಅನ್ನಿಸುತ್ತದೆ. ದಂಡೆಯ ಚೆಲುವಿಗೆ ಹಾಕಿದಷ್ಟೇ ಶ್ರಮ ಕೆರೆಗೆ ಸೇರುವ ಕೊಳಕನ್ನು ತಡೆಯುವುದಕ್ಕೂ ಬೇಕು. ಕೆರೆ ಶುದ್ಧವಾದರೆ ಸುತ್ತಲಿನ ಬಾವಿಗಳೂ, ಅವುಗಳನ್ನು ನಂಬಿದ ತೋಟಗಳೂ ಉಳಿಯುತ್ತವೆ.

ತಿರುಪ್ಪೂರಿನವರಿಗೆ ಈಗ ಹೆಮ್ಮೆಪಡಲು ನಂಜರಾಯನ್ ಕೆರೆ ಇದೆ. ಶತಮಾನಗಳ ಹಿಂದೆ ನಂಜರಾಯನೆಂಬ ಅರಸ ದುರಸ್ತಿ ಮಾಡಿಸಿದ್ದರಿಂದ ಈ ಹೆಸರು ಬಂತೆನ್ನುತ್ತಾರೆ. ಹದಿನೈದನೇ ಶತಮಾನದ ಕೊನೆಗೆ ಕೊಂಗುನಾಡನ್ನು ಆಳಿದವರು ಇಂದಿನ ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರಿನ ಒಡೆಯರು. ಅವರಲ್ಲಿ ನಂಜರಾಯ ಎಂಬ ಹೆಸರು ಉಂಟು. 2022ರಲ್ಲಿ ಪಕ್ಷಿಧಾಮವಾದ ಈ ಕೆರೆ 2024ರ ಆಗಸ್ಟ್‌ನಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ವರ್ಷ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಆ ಪಟ್ಟಿಗೆ ಸೇರಿದ್ದು ಕನ್ನಡದ ಓದುಗರಿಗೆ ನೆನಪಿರಬಹುದು. ಚಳಿಗಾಲದಲ್ಲಿ ಹಿಮಾಲಯ ದಾಟಿ ಮಾಗಡಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನಂಜರಾಯನ್ ಕೆರೆಯಲ್ಲೂ ಕಂಡವರಿದ್ದಾರೆ. ಹೊಲಿಗೆ ಯಂತ್ರದ ಮುಂದೆ ವಾರವಿಡೀ ಕೂತ ಕಣ್ಣುಗಳಿಗೆ ದೂರದ ನೀರು, ಅದರ ಮೇಲಿನ ಹಕ್ಕಿಗಳು ಕೊಡುವ ವಿಶ್ರಾಂತಿಗೆ ಬೆಲೆ ಕಟ್ಟಲಾಗದು. ಬಿಹಾರ, ಒಡಿಶಾಗಳಿಂದ ದುಡಿಯಲು ಬಂದ ಯುವಕರೂ ಈಗ ಮೊಬೈಲಿನಲ್ಲಿ ಮನೆಯವರಿಗೆ ಹಕ್ಕಿ ತೋರಿಸುತ್ತ ದಂಡೆಯ ಮೇಲೆ ನಿಲ್ಲುತ್ತಾರೆ.

ರಾತ್ರಿ ಒಂಬತ್ತರ ನಂತರ ಗಾಂಧಿಪುರಂ ಕಡೆ ಬೆಂಗಳೂರಿನ ಬಸ್ಸುಗಳು ಸಾಲಾಗಿ ನಿಲ್ಲುತ್ತವೆ. ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ಕೊಂಗುನಾಡಿನ ಮಕ್ಕಳು ವಾರಾಂತ್ಯ ಮುಗಿಸಿ ಹೊರಡುವ ಹೊತ್ತು. 2023ರ ಡಿಸೆಂಬರ್ 30ರಿಂದ ವಂದೇ ಭಾರತ್ ರೈಲೂ ಇದೆ, ಆದರೆ ಅದು ಬೆಳಿಗ್ಗೆಯದು. ಸೋಮವಾರ ಮುಂಜಾನೆ ಕಚೇರಿ ಸೇರಬೇಕಾದವರಿಗೆ ರಾತ್ರಿ ಬಸ್ಸೇ ಗತಿ. ಅವರ ಚೀಲಗಳಲ್ಲಿ ಹಿತ್ತಲಿನ ಕರಿಬೇವು ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡಿರುತ್ತದೆ, ಊತ್ತುಕುಳಿಯ ತುಪ್ಪ ಸ್ಟೀಲ್ ಡಬ್ಬಿಯಲ್ಲಿ, ಹುರಿದು ಪುಡಿಮಾಡಿದ ಹುರುಳಿ ಪ್ಲಾಸ್ಟಿಕ್ ಚೀಲದಲ್ಲಿ. ಬೆಳಿಗ್ಗೆ ಆರಕ್ಕೆ ಸಿಲ್ಕ್ ಬೋರ್ಡ್ ಬಳಿ ಇಳಿಯುವಾಗ ಬಸ್ಸಿಗೆಲ್ಲ ಕರಿಬೇವಿನ ವಾಸನೆ ಅಡರಿರುತ್ತದೆ.